ದೂರದ ಬೆಟ್ಟ, ಹಿತ್ತಲ ಗಿಡ: ಫುಟ್‌ಬಾಲ್ ಕ್ಲಬ್ಬನ್ನು ಉಳಿಸುವವರು ಯಾರು?

ಬೆಂಗಳೂರು ಫುಟ್‌ಬಾಲ್ ಕ್ಲಬ್ 2025ರ ಆಗಸ್ಟ್ 4ರಂದು ತನ್ನ ಪ್ರಧಾನ ತಂಡದ ಆಟಗಾರರು ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಅದಕ್ಕೆ ನಾಲ್ಕು ತಿಂಗಳ ಹಿಂದಷ್ಟೇ, ಏಪ್ರಿಲ್ 12ರಂದು, ಇದೇ ತಂಡ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಫೈನಲ್ ಆಡಿ, ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಾಗಾನ್‌ಗೆ 1-2ರಿಂದ ಸೋತಿತ್ತು. ಎರಡು ಬಾರಿ ಐ-ಲೀಗ್, ಒಮ್ಮೆ ಐಎಸ್‌ಎಲ್ ಗೆದ್ದ, ದೇಶದಲ್ಲೇ ಅಚ್ಚುಕಟ್ಟಾದ ಆಡಳಿತಕ್ಕೆ ಹೆಸರಾದ ಕ್ಲಬ್ಬಿಗೆ ಈ ಗತಿ ಬಂದೀತೆಂದು ಯಾರೂ ನಿರೀಕ್ಷಿಸಿರಲಿಲ್ಲ.

ಲೀಗ್ ನಡೆಯುವುದೇ ಅನುಮಾನವಾಗಿದ್ದುದು ಆ ತೀರ್ಮಾನಕ್ಕೆ ಕಾರಣ. ಆದರೆ ಆ ಬೆಳವಣಿಗೆ ಹಳೆಯದೊಂದು ಪ್ರಶ್ನೆಯನ್ನು ಮತ್ತೆ ಮುನ್ನೆಲೆಗೆ ತಂದಿತು. ಕ್ಲಬ್ಬೊಂದರ ನಿಜವಾದ ಅಭಿಮಾನಿ ಯಾರು? ಟಿಕೆಟ್ ಕೊಂಡು ಗ್ಯಾಲರಿಯಲ್ಲಿ ಗಂಟಲು ಹರಿದುಕೊಳ್ಳುವವನೋ, ಮನೆಯಲ್ಲಿ ಕುಳಿತು ಪರದೆಯ ಮೇಲೆ ಅಷ್ಟೇ ತಲ್ಲೀನತೆಯಿಂದ ನೋಡುವವನೋ? ಬೆಂಗಳೂರಿನವರಿಗೆ ಇದು ಕಾಫಿ ಹೋಟೆಲಿನ ಚರ್ಚೆಯಾಗಬಹುದು. ಮೈಸೂರಿನವರಿಗೆ ಹಾಗಲ್ಲ. ಐಎಸ್‌ಎಲ್ ಆಗಲಿ, ಐ-ಲೀಗ್ ಆಗಲಿ ಆಡುವ ಸ್ವಂತ ತಂಡವಿಲ್ಲದ ಈ ನಗರದ ಫುಟ್‌ಬಾಲ್ ಪ್ರೇಮಿ ಯಾವ ಕ್ಲಬ್ಬನ್ನು ಆರಿಸಿಕೊಂಡರೂ ದೂರದ ಅಭಿಮಾನಿಯೇ. ಪ್ರಶ್ನೆ ಇರುವುದು ಎಷ್ಟು ದೂರ ಎಂಬುದರಲ್ಲಿ ಮಾತ್ರ.

ಸಮೀಪವಾದರೂ ದೂರ

ಸರಸ್ವತಿಪುರಂ, ಕುವೆಂಪುನಗರದ ಬೀದಿಗಳಲ್ಲಿ ಸಂಜೆ ವೇಳೆ ಮ್ಯಾಂಚೆಸ್ಟರ್ ಯುನೈಟೆಡ್, ಆರ್ಸೆನಲ್, ಬಾರ್ಸಿಲೋನಾ ತಂಡಗಳ ಅಂಗಿ ತೊಟ್ಟ ಹುಡುಗರು ಕಾಣಸಿಗುತ್ತಾರೆ. ಆ ತಂಡಗಳ ಮೀಸಲು ಆಟಗಾರರ ಹೆಸರೂ ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ಅಪರೂಪ. ದೂರದ ಬೆಟ್ಟ ನುಣ್ಣಗೆ, ಹಿತ್ತಲ ಗಿಡ ಮದ್ದಲ್ಲ ಎಂಬ ಎರಡು ಗಾದೆಗಳು ಒಟ್ಟಿಗೇ ಸತ್ಯವಾಗುವ ಸಂದರ್ಭವಿದು.

ಇದಕ್ಕೆ ಹುಡುಗರನ್ನು ದೂರಿ ಪ್ರಯೋಜನವಿಲ್ಲ. ಭೂಪಟದಲ್ಲಿ ಮೈಸೂರಿನಿಂದ ಬೆಂಗಳೂರಿಗೆ ರೈಲು ಮಾರ್ಗ 138 ಕಿ.ಮೀ. ಮಾತ್ರ. ಆದರೆ ಪಂದ್ಯದ ದಿನ ಆ ಅಂತರ ಬೇರೆಯೇ ಲೆಕ್ಕದಲ್ಲಿ ಅಳೆಯಲ್ಪಡುತ್ತದೆ. ಟಿ.ವಿ. ವೀಕ್ಷಕರ ಅನುಕೂಲಕ್ಕೆಂದು ರಾತ್ರಿ 7.30ಕ್ಕೆ ಆರಂಭವಾಗುವ ಪಂದ್ಯ ಮುಗಿಯುವ ಹೊತ್ತಿಗೆ 9.30 ಕಳೆದಿರುತ್ತದೆ. ಕಂಠೀರವ ಕ್ರೀಡಾಂಗಣದ ಗುಂಪಿನಿಂದ ಹೊರಬಿದ್ದು, ಮೆಟ್ರೋ ಹಿಡಿದು, ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ ತಲುಪಿ, ಬಸ್ ಏರಿ ಊರು ಸೇರುವಾಗ ನಡುರಾತ್ರಿ ದಾಟಿರುತ್ತದೆ. ಮರುದಿನ ಕಾಲೇಜು, ಕಚೇರಿ ಇದ್ದೇ ಇರುತ್ತದೆ. ಅಪ್ರಾಪ್ತ ವಯಸ್ಸಿನ ಮಗನನ್ನೋ ಮಗಳನ್ನೋ ಇಂತಹ ಪ್ರಯಾಣಕ್ಕೆ ಕಳುಹಿಸಲು ಯಾವ ತಂದೆತಾಯಿಯೂ ಸುಲಭವಾಗಿ ಒಪ್ಪುವುದಿಲ್ಲ.

2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟಿಸಿದ 118 ಕಿ.ಮೀ. ಉದ್ದದ ದಶಪಥ ಹೆದ್ದಾರಿ ಎರಡು ನಗರಗಳ ನಡುವಿನ ಪ್ರಯಾಣದ ಅವಧಿಯನ್ನು ಗಣನೀಯವಾಗಿ ತಗ್ಗಿಸಿತು. ಆದರೆ ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ ಮತ್ತು ಆಟೋರಿಕ್ಷಾಗಳ ಸಂಚಾರ ನಿಷೇಧವಾಯಿತು. ಅಪಘಾತಗಳ ಸಂಖ್ಯೆಯನ್ನು ಗಮನಿಸಿದರೆ ಅದು ಅಗತ್ಯವಾಗಿದ್ದ ಕ್ರಮವೇ. ಪರಿಣಾಮವಾಗಿ ಹೆದ್ದಾರಿಯ ವೇಗ ಕಾರು ಉಳ್ಳವರಿಗೂ ಬಸ್ಸಿನವರಿಗೂ ದಕ್ಕಿತು. ಕ್ರೀಡಾಂಗಣ ತುಂಬಬೇಕಾದ ವಯಸ್ಸಿನವರ ಬಳಿ ಇರುವುದು ಬಹುಮಟ್ಟಿಗೆ ಬೈಕು; ಅವರ ಪಾಲಿಗೆ ಉಳಿದದ್ದು ಸರ್ವಿಸ್ ರಸ್ತೆ. ಅದೇ ವರ್ಷ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಮಹಿಳೆಯರ ಪ್ರಯಾಣ ಉಚಿತವಾಯಿತು. ಆದರೆ ಅವರನ್ನು ತಡೆಯುವುದು ಬಸ್ಸಿನ ದರಕ್ಕಿಂತ ಹೆಚ್ಚಾಗಿ ಹಿಂತಿರುಗುವ ಹೊತ್ತು.

ಇತ್ತ ಲಂಡನ್ನಿನ ಪಂದ್ಯವೋ ಬೆರಳ ತುದಿಯಲ್ಲಿದೆ. ಅಲ್ಲಿ ಶನಿವಾರ ಮಧ್ಯಾಹ್ನ 3ಕ್ಕೆ ಶುರುವಾಗುವ ಆಟ ಚಳಿಗಾಲದಲ್ಲಿ ಮೈಸೂರಿನಲ್ಲಿ ರಾತ್ರಿ 8.30ಕ್ಕೆ, ಊಟದ ತಟ್ಟೆಯ ಮುಂದೆ ಪ್ರತ್ಯಕ್ಷವಾಗುತ್ತದೆ. ಎಂಟು ಸಾವಿರ ಕಿ.ಮೀ. ಆಚೆಯ ತಂಡ ಹತ್ತಿರವೂ, ಮೂರು ಗಂಟೆ ದಾರಿಯ ತಂಡ ದೂರವೂ ಆದದ್ದು ಹೀಗೆ.

ದೂರದ ಅಭಿಮಾನ ಹುಸಿಯಲ್ಲ

ಗ್ಯಾಲರಿಯ ಕಟ್ಟಾ ಅಭಿಮಾನಿಗಳಲ್ಲಿ ಒಂದು ಬಗೆಯ ಜಾತಿಪದ್ಧತಿ ಇದೆ. ಮಳೆಯಲ್ಲಿ ನೆನೆದು, ಸೋಲಿನ ಬಳಿಕ ಕೊನೆಯ ಬಸ್ ತಪ್ಪಿಸಿಕೊಂಡವನು ಮಾತ್ರ ಅಸಲಿ, ಸೋಫಾದಲ್ಲಿ ಕುಳಿತವನು ನಕಲಿ ಎಂಬುದು ಅದರ ಸಾರ. ಈ ವಾದವನ್ನು ಮೈಸೂರು ಒಪ್ಪಬೇಕಾಗಿಲ್ಲ. ದೂರದಿಂದ ಕೇಳುವುದಕ್ಕೊಂದು ಘನತೆ ತಂದುಕೊಟ್ಟ ಊರು ಇದು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಕಾಣದ ದನಿಗೆ ಕಿವಿಗೊಟ್ಟು ಮನಸ್ಸಿನಲ್ಲಿ ಮೈದಾನ ಕಟ್ಟಿಕೊಂಡ ಹಲವು ತಲೆಮಾರುಗಳನ್ನು ನಕಲಿ ಎನ್ನಲು ಸಾಧ್ಯವಿಲ್ಲ.

ಅಲ್ಲದೆ, ಹತ್ತಿರದ ಅಭಿಮಾನಿಯೂ ಅರ್ಧ ಋತು ದೂರದವನೇ. ಲೀಗ್‌ನ ಅರ್ಧದಷ್ಟು ಪಂದ್ಯಗಳು ಎದುರಾಳಿಯ ಊರಿನಲ್ಲಿ ನಡೆಯುತ್ತವೆ. ಬೆಂಗಳೂರು ಎಫ್‌ಸಿ 2016ರ ನವೆಂಬರ್ 5ರಂದು ಎಎಫ್‌ಸಿ ಕಪ್ ಫೈನಲ್ ಆಡಿದ್ದು ದೋಹಾದಲ್ಲಿ; ಆ ಹಂತ ತಲುಪಿದ ಭಾರತದ ಮೊದಲ ಕ್ಲಬ್ ಅದು. ಐಎಸ್‌ಎಲ್ ಕಿರೀಟ ಗೆದ್ದದ್ದು 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ. ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲನ್ನು ಶಾಂತಿನಗರದವರೂ ಶ್ರೀರಾಂಪುರದವರೂ ಬಹುತೇಕ ಪರದೆಯ ಮೇಲೆಯೇ ನೋಡಿದರು. ಆ ಕ್ಷಣದ ಸಂತೋಷದಲ್ಲಿ ಮೇಲು ಕೀಳು ಇರಲಿಲ್ಲ.

ಕೊರೊನಾ ಕಾಲವಂತೂ ಎಲ್ಲರನ್ನೂ ಸಮಾನವಾಗಿಸಿತು. 2020-21 ಮತ್ತು 2021-22ರ ಐಎಸ್‌ಎಲ್ ಋತುಗಳು ಪೂರ್ಣವಾಗಿ ಗೋವಾದಲ್ಲಿ ನಡೆದವು. 2022ರ ಫೈನಲ್ ಹೊರತುಪಡಿಸಿದರೆ ಗ್ಯಾಲರಿಗಳು ಖಾಲಿ. ಕಂಠೀರವದ ಬೆಂಚುಗಳಿಗೆ ಜನ ಮರಳಿದ್ದು 2022ರ ಅಕ್ಟೋಬರ್‌ನಲ್ಲಿ. ಆ ಎರಡು ವರ್ಷ ಆಟ ನಿಲ್ಲಲಿಲ್ಲ, ಅಭಿಮಾನವೂ ಬತ್ತಲಿಲ್ಲ. ಆದರೆ ಏನೋ ಕಳೆದುಹೋದದ್ದು ಟಿ.ವಿ. ನೋಡುವವನ ಅನುಭವಕ್ಕೂ ಬಂತು. ನಿರ್ಜನ ಕ್ರೀಡಾಂಗಣದಲ್ಲಿ ತರಬೇತುದಾರನ ಕೂಗು ಪ್ರತಿಧ್ವನಿಸುವ ಪಂದ್ಯ ಅಭ್ಯಾಸದಂತೆ ಕಾಣುತ್ತಿತ್ತು. ಪ್ರಸಾರಕರು ಕೃತಕ ಗದ್ದಲವನ್ನು ಸೇರಿಸಬೇಕಾಯಿತು. ಯುರೋಪಿನಲ್ಲಿ ಆ ಅವಧಿಯ ಪಂದ್ಯಗಳನ್ನು ಪರಿಶೀಲಿಸಿದವರು ತವರು ತಂಡಗಳ ಗೆಲುವಿನ ಪ್ರಮಾಣ ಇಳಿದಿದ್ದನ್ನೂ, ಪ್ರವಾಸಿ ತಂಡಗಳ ವಿರುದ್ಧ ರೆಫರಿಗಳು ತೋರುವ ಹಳದಿ ಕಾರ್ಡುಗಳು ಕಡಿಮೆಯಾದದ್ದನ್ನೂ ಗುರುತಿಸಿದರು. ಗ್ಯಾಲರಿಯ ಕೂಗು ಕೇವಲ ಅಲಂಕಾರವಲ್ಲ, ಅದು ಆಟದ ಒಂದು ಭಾಗ ಎಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ಬೇಕಿಲ್ಲ.

ದೂರದಿಂದ ನೋಡುವವನ ಪ್ರೀತಿ ನಿಜ. ಆದರೆ ಅವನು ನೋಡುವ ವಸ್ತುವನ್ನು ಸೃಷ್ಟಿಸುತ್ತಿರುವವರಲ್ಲಿ ಹತ್ತಿರ ಬಂದವನೂ ಒಬ್ಬ. ಜಂಬೂಸವಾರಿಯನ್ನು ಕೋಟ್ಯಂತರ ಜನ ದೂರದರ್ಶನದಲ್ಲಿ ಚೆನ್ನಾಗಿಯೇ ನೋಡಬಹುದು. ಸಯ್ಯಾಜಿರಾವ್ ರಸ್ತೆಯ ಇಕ್ಕೆಲಗಳಲ್ಲಿ ಬೆಳಗಿನಿಂದ ಬಿಸಿಲಲ್ಲಿ ಕಾದು ನಿಂತ ಜನಸ್ತೋಮವೇ ಇಲ್ಲದಿದ್ದರೆ ಅಂಬಾರಿ ಹೊತ್ತ ಆನೆ ಖಾಲಿ ಬೀದಿಯಲ್ಲಿ ನಡೆಯುವ ದೃಶ್ಯವನ್ನು ಯಾರು ತಾನೆ ನೋಡಿಯಾರು?

ಛೆಟ್ರಿ ಕೇಳಿಕೊಂಡದ್ದು

ಈ ವಿಷಯದಲ್ಲಿ ಅತ್ಯಂತ ನೇರವಾಗಿ ಮಾತನಾಡಿದವರು ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ. 2018ರ ಜೂನ್ 1ರಂದು ಮುಂಬಯಿಯಲ್ಲಿ ನಡೆದ ಇಂಟರ್‌ಕಾಂಟಿನೆಂಟಲ್ ಕಪ್ ಪಂದ್ಯದಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿತು. ಛೆಟ್ರಿ ಹ್ಯಾಟ್ರಿಕ್ ಗೋಲು ಹೊಡೆದರು. ನೋಡಲು ಬಂದವರು 2,569 ಮಂದಿ. ಮರುದಿನ ಅವರು ವಿಡಿಯೋ ಒಂದರಲ್ಲಿ ಕೈಮುಗಿದು ಮನವಿ ಮಾಡಿದರು. ಬೈಯಿರಿ, ಟೀಕಿಸಿರಿ, ಆದರೆ ಕ್ರೀಡಾಂಗಣಕ್ಕೆ ಬಂದು ಅದನ್ನು ಮಾಡಿರಿ ಎಂಬುದು ಅದರ ತಾತ್ಪರ್ಯ. ಯುರೋಪಿನ ಕ್ಲಬ್ಬುಗಳ ಅಭಿಮಾನಿಗಳನ್ನು ಅವರು ವಿಶೇಷವಾಗಿ ಉದ್ದೇಶಿಸಿದ್ದರು. ಭಾರತದ ಆಟ ಆ ಮಟ್ಟದ್ದಲ್ಲ ಎಂಬುದನ್ನು ಮುಚ್ಚಿಡದೆ ಒಪ್ಪಿಕೊಂಡಿದ್ದರು. ಎರಡು ದಿನಗಳ ಬಳಿಕ ಕೆನ್ಯಾ ವಿರುದ್ಧದ ಪಂದ್ಯಕ್ಕೆ, ಅದು ಛೆಟ್ರಿಯವರ ನೂರನೆಯ ಅಂತರರಾಷ್ಟ್ರೀಯ ಪಂದ್ಯ, ಟಿಕೆಟ್‌ಗಳೆಲ್ಲ ಖರ್ಚಾದವು.

ಆ ಮನವಿಯಲ್ಲಿ ಒಂದು ಸೂಕ್ಷ್ಮವಿತ್ತು. ದೇಶಾಭಿಮಾನದ ಹೆಸರಿನಲ್ಲಿ ಅವರು ಯಾರನ್ನೂ ಬೆದರಿಸಲಿಲ್ಲ. ಬಾರ್ಸಿಲೋನಾವನ್ನು ಬಿಡಿ ಎನ್ನಲಿಲ್ಲ. ಬಂದವರ ಎದುರು ಆಡಿದಾಗ ಆಟ ಸುಧಾರಿಸುತ್ತದೆ ಎಂದು ಮಾತ್ರ ಹೇಳಿದರು. 2023ರ ಜುಲೈ 4ರಂದು ಕಂಠೀರವದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್ ನಡೆದಾಗ ಅದು ಕಣ್ಣಿಗೆ ಕಂಡಿತು. ಕಿಕ್ಕಿರಿದ ಕ್ರೀಡಾಂಗಣದ ಬೆಂಬಲದಲ್ಲಿ ಭಾರತ, ಕುವೈತ್ ವಿರುದ್ಧ ಹಿನ್ನಡೆಯಿಂದ ಚೇತರಿಸಿಕೊಂಡು ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದಿತು.

ಇಂಗ್ಲೆಂಡಿನವರೇ ಕಾಪಾಡಿಕೊಂಡಿರುವ ಗೇಟು

ಮೈಸೂರಿನ ಹುಡುಗ ಆರಾಧಿಸುವ ಇಂಗ್ಲೆಂಡಿನ ಲೀಗ್‌ನಲ್ಲಿ ಕುತೂಹಲಕರ ನಿಯಮವೊಂದಿದೆ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಆ ದೇಶದೊಳಗೆ ಫುಟ್‌ಬಾಲ್ ಪಂದ್ಯಗಳನ್ನು ಟಿ.ವಿ.ಯಲ್ಲಿ ನೇರವಾಗಿ ತೋರಿಸುವಂತಿಲ್ಲ. ದೊಡ್ಡ ತಂಡಗಳ ಆಟ ಮನೆಯಲ್ಲೇ ಸಿಕ್ಕರೆ ಊರಿನ ಸಣ್ಣ ಕ್ಲಬ್ಬುಗಳ ಗೇಟು ಖಾಲಿಯಾದೀತೆಂಬ ಭಯದಿಂದ 1960ರ ದಶಕದಿಂದ ಪಾಲಿಸಿಕೊಂಡು ಬಂದಿರುವ ಕಟ್ಟುಪಾಡಿದು. ಹೀಗಾಗಿ ಮ್ಯಾಂಚೆಸ್ಟರ್‌ನ ನಿವಾಸಿ ತನ್ನ ಮನೆಯಲ್ಲಿ ನೇರವಾಗಿ ನೋಡಲಾಗದ ಪಂದ್ಯ ಮೈಸೂರಿನ ಮನೆಯಲ್ಲಿ ನೇರವಾಗಿ ಕಾಣಬಹುದು. ಟಿ.ವಿ. ಹಣದ ಹೊಳೆಯೇ ಹರಿಯುತ್ತಿರುವ ದೇಶವೂ ಗೇಟಿನ ಮಹತ್ವವನ್ನು ಮರೆತಿಲ್ಲ.

ಮರೆತಾಗಲೆಲ್ಲ ಹತ್ತಿರದ ಅಭಿಮಾನಿ ನೆನಪಿಸಿದ್ದಾನೆ. 2016ರ ಫೆಬ್ರವರಿ 6ರಂದು ಲಿವರ್‌ಪೂಲ್‌ನಲ್ಲಿ ಸುಂದರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸುಮಾರು 10 ಸಾವಿರ ಮಂದಿ ಎದ್ದು ಹೊರನಡೆದರು. ಅತ್ಯಧಿಕ ಟಿಕೆಟ್ ದರವನ್ನು 77 ಪೌಂಡ್‌ಗೆ ಏರಿಸುವ ಪ್ರಸ್ತಾವದ ವಿರುದ್ಧದ ಪ್ರತಿಭಟನೆಯದು. ಕೆಲವೇ ದಿನಗಳಲ್ಲಿ ಕ್ಲಬ್ ಮಾಲೀಕರು ಹಿಂದೆ ಸರಿದರು. 2021ರ ಏಪ್ರಿಲ್ 18ರಂದು ಯುರೋಪಿನ 12 ಶ್ರೀಮಂತ ಕ್ಲಬ್ಬುಗಳು ತಮ್ಮದೇ ಪ್ರತ್ಯೇಕ ‘ಸೂಪರ್ ಲೀಗ್’ ಘೋಷಿಸಿದವು. ಜಗತ್ತಿನಾದ್ಯಂತ ಹರಡಿರುವ ಟಿ.ವಿ. ವೀಕ್ಷಕರೇ ಅವುಗಳ ಕಣ್ಣ ಮುಂದಿದ್ದವರು. ಆಗ ಕೊರೊನಾ ಕಾರಣ ಕ್ರೀಡಾಂಗಣಗಳಿಗೆ ಜನರಿಗೆ ಪ್ರವೇಶವಿರಲಿಲ್ಲ. ಆದರೂ ಏಪ್ರಿಲ್ 20ರ ಸಂಜೆ ಚೆಲ್ಸಿ ಕ್ಲಬ್ಬಿನ ಅಭಿಮಾನಿಗಳು ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್ ಎದುರು ಬೀದಿಗಿಳಿದರು. ಅದೇ ರಾತ್ರಿ ಇಂಗ್ಲೆಂಡಿನ ಕ್ಲಬ್ಬುಗಳು ಒಂದೊಂದಾಗಿ ಯೋಜನೆಯಿಂದ ಹೊರಬಂದವು.

ದೂರದ ಅಭಿಮಾನಿಗಳು ಸಂಖ್ಯೆಯಲ್ಲಿ ಎಷ್ಟೋ ಪಟ್ಟು ಹೆಚ್ಚು. ಆದರೆ ಬಾಗಿಲ ಮುಂದೆ ನಿಂತು ‘ಬೇಡ’ ಎನ್ನುವ ಅವಕಾಶ ಇದ್ದದ್ದು ಹತ್ತಿರದವರಿಗೆ. ಅವರು ಅಂದು ಉಳಿಸಿಕೊಂಡದ್ದು ತಮ್ಮ ಕ್ಲಬ್ಬನ್ನು ಮಾತ್ರವಲ್ಲ, ಮೈಸೂರಿನಲ್ಲಿ ಕುಳಿತವನು ಪ್ರೀತಿಸುವ ಕ್ಲಬ್ಬನ್ನೂ ಕೂಡ.

ರಿಯಾದ್‌ನಲ್ಲಿ ಗೆದ್ದ ಕರ್ನಾಟಕ

ರಾಜ್ಯದ ಫುಟ್‌ಬಾಲ್ ಚರಿತ್ರೆಯಲ್ಲಿ 2023ರ ಮಾರ್ಚ್ ತಿಂಗಳ ಎರಡು ದಿನಗಳು ಈ ವಿಚಾರಕ್ಕೆ ಕನ್ನಡಿ ಹಿಡಿಯುತ್ತವೆ. ಮಾರ್ಚ್ 3ರಂದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಪ್ಲೇಆಫ್ ಪಂದ್ಯ. ಎರಡೂ ಕಡೆಯ ಬೆಂಬಲಿಗರಿಂದ ಕ್ರೀಡಾಂಗಣ ತುಂಬಿತ್ತು. ಹೆಚ್ಚುವರಿ ಅವಧಿಯಲ್ಲಿ ಎದುರಾಳಿಗಳು ಸಜ್ಜಾಗುವ ಮೊದಲೇ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಗಳಿಸಿದರು. ಅದನ್ನು ಪ್ರತಿಭಟಿಸಿ ಕೇರಳದ ತಂಡ ಮೈದಾನ ತೊರೆಯಿತು. ಮುಂದೆ ಆ ಕ್ಲಬ್ಬಿಗೆ 4 ಕೋಟಿ ರೂ. ದಂಡವೂ ಬಿತ್ತು. ದೇಶದ ಕ್ರೀಡಾಪುಟಗಳೆಲ್ಲ ದಿನಗಟ್ಟಲೆ ಅದೇ ಚರ್ಚೆಯಲ್ಲಿ ಮುಳುಗಿದವು.

ಮರುದಿನ, ಮಾರ್ಚ್ 4ರಂದು, ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿತು. 1946, 1952, 1967 ಹಾಗೂ 1968ರಲ್ಲಿ ಆರಂಭವಾದ ಋತುಗಳಲ್ಲಿ ‘ಮೈಸೂರು’ ಎಂಬ ಹೆಸರಿನಲ್ಲಿ ನಾಲ್ಕು ಬಾರಿ ಈ ಟ್ರೋಫಿ ಗೆದ್ದಿದ್ದ ರಾಜ್ಯಕ್ಕೆ 54 ವರ್ಷಗಳ ಬಳಿಕ ದಕ್ಕಿದ ಐದನೆಯ ಕಿರೀಟವದು. ಕರ್ನಾಟಕ ಎಂಬ ಹೆಸರಿನಲ್ಲಿ ಮೊದಲನೆಯದು. ಆದರೆ ಪಂದ್ಯ ನಡೆದದ್ದು ಸೌದಿ ಅರೇಬಿಯಾದ ರಾಜಧಾನಿ ರಿಯಾದ್‌ನಲ್ಲಿ. ದೇಶದ ರಾಜ್ಯಗಳ ನಡುವಿನ ಟೂರ್ನಿಯ ಕೊನೆಯ ಘಟ್ಟವನ್ನು ವಿದೇಶಕ್ಕೆ ಒಯ್ದದ್ದು ಆ ಬಾರಿಯೇ ಮೊದಲು. ರವಿಬಾಬು ರಾಜು ಅವರ ತರಬೇತಿಯಲ್ಲಿ ಪಳಗಿದ ಆ ಹುಡುಗರು ಕಪ್ ಎತ್ತಿದಾಗ ಅವರ ಊರಿನವರು ಅಲ್ಲಿರುವುದು ಅಸಾಧ್ಯವಾಗಿತ್ತು.

ಮೈಸೂರಿನ ಹೆಸರನ್ನೇ ಹೊತ್ತು ನಾಲ್ಕು ಬಾರಿ ಗೆದ್ದ ತಂಡದ ಪರಂಪರೆ ಇಂದು ಮೈಸೂರಿನ ಎಷ್ಟು ಮಕ್ಕಳಿಗೆ ಗೊತ್ತಿದೆ? ಕಣ್ಣೆದುರು ನಡೆಯದ ಗೆಲುವು ಊರಿನ ನೆನಪಾಗಿ ಉಳಿಯುವುದು ಕಷ್ಟ. 2016ರ ಅಕ್ಟೋಬರ್ 19ರಂದು ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹರ್ ದಾರುಲ್ ತಾಜಿಂ ತಂಡವನ್ನು ಬೆಂಗಳೂರು ಎಫ್‌ಸಿ 3-1ರಿಂದ ಮಣಿಸಿದ ರಾತ್ರಿ ಕಂಠೀರವದಲ್ಲಿದ್ದವರು ಇಂದಿಗೂ ಅದನ್ನು ಬಣ್ಣಿಸುತ್ತಾರೆ. ರಿಯಾದ್‌ನ ಗೆಲುವನ್ನು ಹಾಗೆ ಬಣ್ಣಿಸಬಲ್ಲ ಸಾಕ್ಷಿಗಳು ರಾಜ್ಯದಲ್ಲಿ ಇಲ್ಲವೆನ್ನುವಷ್ಟು ವಿರಳ.

ಬಿಡ್‌ದಾರರೇ ಇಲ್ಲದ ಟೆಂಡರ್

ಈಗ 2025ರ ಬಿಕ್ಕಟ್ಟಿಗೆ ಬರಬಹುದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳ ಅವಧಿಗೆ ಒಪ್ಪಿಸಿತ್ತು. ಆ ಒಪ್ಪಂದದಡಿ ಐಎಸ್‌ಎಲ್ ನಡೆಸುತ್ತಿದ್ದ ಸಂಸ್ಥೆ, 2025ರ ಡಿಸೆಂಬರ್ 8ಕ್ಕೆ ಮುಗಿಯಲಿದ್ದ ಒಪ್ಪಂದ ನವೀಕರಣವಾಗಿಲ್ಲವೆಂಬ ಕಾರಣ ನೀಡಿ ಜುಲೈನಲ್ಲೇ ಹೊಸ ಋತುವನ್ನು ತಡೆಹಿಡಿಯಿತು. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಅಕ್ಟೋಬರ್‌ನಲ್ಲಿ ಹೊಸ ಟೆಂಡರ್ ಕರೆಯಲಾಯಿತು. ನವೆಂಬರ್ 7ರ ಗಡುವು ಮುಗಿದಾಗ ಒಂದೇ ಒಂದು ಬಿಡ್ ಬಂದಿರಲಿಲ್ಲ.

ಟೆಂಡರಿನ ಷರತ್ತುಗಳು ಕಠಿಣವಾಗಿದ್ದವು ಎಂಬ ವಿವರಣೆ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಫಲಿತಾಂಶದ ಅರ್ಥ ಬದಲಾಗದು. ದೂರದಿಂದ ನೋಡುವವನು ಕ್ಲಬ್ಬಿಗೆ ನೇರವಾಗಿ ಏನನ್ನೂ ಕೊಡುವುದಿಲ್ಲ. ಅವನ ನೋಟವನ್ನು ಜಾಹೀರಾತುದಾರನಿಗೆ ಮಾರಿ, ಬಂದ ಹಣದಲ್ಲಿ ಒಂದು ಪಾಲು ಕ್ಲಬ್ಬಿಗೆ ಸೇರುತ್ತದೆ. ಇಂಗ್ಲೆಂಡಿನಲ್ಲಿ ಆ ಪಾಲು ಅಗಾಧ. ಭಾರತದಲ್ಲಿ ಆ ನೋಟಕ್ಕೆ ಬೆಲೆ ಕಟ್ಟಲು 2025ರ ನವೆಂಬರ್‌ನಲ್ಲಿ ಯಾರೂ ಮುಂದೆ ಬರಲಿಲ್ಲ. ಹಾಗೆಂದು ಟಿಕೆಟ್ ಹಣವೊಂದರಿಂದಲೇ ಐಎಸ್‌ಎಲ್ ಕ್ಲಬ್ ಬದುಕಬಲ್ಲದು ಎನ್ನುವುದೂ ಸರಿಯಲ್ಲ. ಈ ಕ್ಲಬ್ಬುಗಳು ವರ್ಷ ವರ್ಷ ನಷ್ಟ ಅನುಭವಿಸುತ್ತ ಮಾಲೀಕರ ಜೇಬಿನಿಂದ ನಡೆಯುತ್ತಿವೆ ಎಂಬುದು ಗುಟ್ಟೇನಲ್ಲ. ಆದರೆ ಪ್ರಾಯೋಜಕ ಹೋಗಬಹುದು, ಪ್ರಸಾರಕ ಹೋಗಬಹುದು, ಮಾಲೀಕನೇ ಬೇಸತ್ತು ಹೋಗಬಹುದು. ಯಾವ ಟೆಂಡರಿನಲ್ಲೂ ಸೇರದ ಆಸ್ತಿ ಎಂದರೆ ಬಂದು ಕೂರುವ ಜನ. ಹೊಸ ಮಾಲೀಕ ಬರುವುದಿದ್ದರೂ ಅವನು ಮೊದಲು ನೋಡುವುದು ಗ್ಯಾಲರಿಯನ್ನೇ.

ಕೊನೆಗೆ 2026ರ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ, ಲೀಗ್ ಫೆಬ್ರವರಿ 14ರಿಂದ 14 ಕ್ಲಬ್ಬುಗಳೊಂದಿಗೆ ನಡೆಯಲಿದೆ ಎಂದು ಪ್ರಕಟಿಸಿದರು. ಪಂದ್ಯಗಳ ಸಂಖ್ಯೆ 91. ಎಂದರೆ ಪ್ರತಿ ತಂಡಕ್ಕೆ 13 ಪಂದ್ಯ. ಅದರಲ್ಲಿ ತವರಿನಲ್ಲಿ ಆರೋ ಏಳೋ. 2024-25ರ ಋತುವಿನ ಲೀಗ್ ಹಂತದಲ್ಲಿ ಪ್ರತಿ ತಂಡ 24 ಪಂದ್ಯ ಆಡಿತ್ತು, ಅರ್ಧದಷ್ಟು ತವರಿನಲ್ಲಿ. ಬಿಕ್ಕಟ್ಟಿನ ಬೆಲೆಯನ್ನು ಹತ್ತಿರದ ಅಭಿಮಾನಿ ತೆತ್ತದ್ದು ಹೀಗೆ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಬಿಡುವು ಮಾಡಿಕೊಂಡು ಹೋಗುವ ಮೈಸೂರಿನವನಿಗೆ ಅವಕಾಶವೇ ಅರ್ಧಕ್ಕಿಳಿಯಿತು.

ಬನ್ನಿ ಎನ್ನುವವರ ಹೊಣೆ

ಜನರನ್ನು ಕ್ರೀಡಾಂಗಣಕ್ಕೆ ಕರೆಯುವಾಗ 2025ರ ಜೂನ್ 4ನ್ನು ಮರೆಯುವಂತಿಲ್ಲ. ಹದಿನೆಂಟು ವರ್ಷ ಕಾದ ಬಳಿಕ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಜೂನ್ 3ರಂದು ಅಹಮದಾಬಾದ್‌ನಲ್ಲಿ ಐಪಿಎಲ್ ಗೆದ್ದಿತು. ರಾಜ್ಯದ ಅಭಿಮಾನಿಗಳು ಆ ಗೆಲುವನ್ನು ಕಂಡದ್ದು ದೂರದಿಂದ. ಮರುದಿನ ಹತ್ತಿರದಿಂದ ನೋಡುವ ಅವಕಾಶವಿದೆಯೆಂದು ತಿಳಿದಾಗ ಲಕ್ಷಾಂತರ ಜನ ಚಿನ್ನಸ್ವಾಮಿ ಕ್ರೀಡಾಂಗಣದತ್ತ ಹರಿದುಬಂದರು. ಗೇಟುಗಳ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಪ್ರಾಣ ಕಳೆದುಕೊಂಡರು. ಅಭಿಮಾನಿ ಬರಲಿ ಎಂದು ಬಯಸುವವರು ಬಂದವನು ಸುರಕ್ಷಿತವಾಗಿ ಮನೆ ಸೇರುವ ವ್ಯವಸ್ಥೆಯನ್ನು ಮೊದಲು ಮಾಡಬೇಕು. 1989ರ ಹಿಲ್ಸ್‌ಬರೋ ದುರಂತದಲ್ಲಿ 97 ಜೀವ ಕಳೆದುಕೊಂಡ ಇಂಗ್ಲೆಂಡ್ ತನ್ನ ಕ್ರೀಡಾಂಗಣಗಳ ರಚನೆಯನ್ನೇ ಬದಲಿಸಿತು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ 16 ಫುಟ್‌ಬಾಲ್ ಪ್ರೇಮಿಗಳು ಸತ್ತದ್ದನ್ನು ಕೋಲ್ಕತ್ತ ಇಂದಿಗೂ ಸ್ಮರಿಸುತ್ತದೆ. ಸ್ಮರಣೆಯ ಜತೆಗೆ ಪಾಠವನ್ನೂ ಕಲಿಯಬೇಕಾದ ಸರದಿ ಕರ್ನಾಟಕದ್ದು.

ಮೈಸೂರಿನ ಮಟ್ಟಿಗೆ ಮಾಡಬಹುದಾದದ್ದು ಗಗನಕುಸುಮವೇನಲ್ಲ. ವಾರಾಂತ್ಯದಲ್ಲಿ ಸಂಜೆ 5ಕ್ಕೆ ಆರಂಭವಾಗುವ ಪಂದ್ಯವೊಂದಿದ್ದರೆ ಇಲ್ಲಿನ ಕುಟುಂಬವೊಂದು ಹೋಗಿ, ನೋಡಿ, ರಾತ್ರಿ ಹತ್ತೂವರೆ ಹನ್ನೊಂದರೊಳಗೆ ಮನೆ ಸೇರಬಹುದು. ಋತುವಿಗೆ ಎರಡು ಪಂದ್ಯಗಳನ್ನು ಹೊರ ಜಿಲ್ಲೆಗಳ ಪ್ರೇಕ್ಷಕರಿಗಾಗಿ ಹೀಗೆ ಗುರುತಿಸಿ, ಟಿಕೆಟ್ ಜತೆ ಹೋಗಿಬರುವ ಬಸ್ಸನ್ನೂ ಸೇರಿಸುವುದು ಕ್ಲಬ್ ಮತ್ತು ಸಾರಿಗೆ ನಿಗಮ ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ವೇತನ ತಡೆಹಿಡಿದ ದಿನವೂ ಕಿರಿಯರ ತಂಡಗಳು ಮತ್ತು ತರಬೇತಿ ಶಾಲೆಗಳಿಗೆ ಧಕ್ಕೆಯಿಲ್ಲ ಎಂದು ಬೆಂಗಳೂರು ಎಫ್‌ಸಿ ಭರವಸೆ ನೀಡಿತ್ತು. ಆ ಕಿರಿಯರ ಪಂದ್ಯವೊಂದನ್ನು ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ಆಡಿಸಿದರೆ ಕ್ಲಬ್ಬೇ ಅಭಿಮಾನಿಯ ಬಾಗಿಲಿಗೆ ಬಂದಂತಾಗುತ್ತದೆ.

ಅದಕ್ಕಿಂತ ಮುಖ್ಯವಾದುದು ಊರಿನ ಆಟ. ಮೈಸೂರಿನಲ್ಲಿ ಆಡುವವರಿಗೆ ಕೊರತೆಯಿಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕೃತಕ ಹುಲ್ಲಿನ ಟರ್ಫ್‌ಗಳು ರಾತ್ರಿಯವರೆಗೂ ತುಂಬಿರುತ್ತವೆ. ಆದರೆ ಬಲೆಯಿಂದ ಸುತ್ತುವರಿದ ಆ ಅಂಕಣಗಳಲ್ಲಿ ನೋಡುವವನಿಗೆ ಜಾಗವಿಲ್ಲ. ಜನ ನಿಂತು ನೋಡಬಲ್ಲ ದೊಡ್ಡ ಮೈದಾನಗಳ ಮೇಲೆ ಬೇರೆ ಒತ್ತಡಗಳಿವೆ. ಮಹಾರಾಜ ಕಾಲೇಜು ಮೈದಾನವನ್ನೇ ನೋಡಿ: 2022ರ ಜೂನ್‌ನಲ್ಲಿ ಪ್ರಧಾನಿಯವರ ಸಭೆ ನಡೆದದ್ದೂ, 2025ರ ಜುಲೈನಲ್ಲಿ ರಾಜ್ಯ ಸರ್ಕಾರದ ಸಾಧನಾ ಸಮಾವೇಶ ನಡೆದದ್ದೂ ಅಲ್ಲಿಯೇ. ಸಮಾವೇಶಕ್ಕೆ ಜನರನ್ನು ಬಸ್ಸುಗಳಲ್ಲಿ ಕರೆತರುವ ವ್ಯವಸ್ಥೆ ಮಾಡಬಲ್ಲ ನಗರ, ಜಿಲ್ಲಾ ಮಟ್ಟದ ಲೀಗ್ ಪಂದ್ಯಕ್ಕೆ ನಿಶ್ಚಿತ ವಾರ, ನಿಶ್ಚಿತ ವೇಳೆ, ನೆರಳಿರುವ ನಾಲ್ಕು ಸಾಲು ಮೆಟ್ಟಿಲು ಮತ್ತು ಮಹಿಳೆಯರಿಗೆ ಶೌಚಾಲಯ ಒದಗಿಸಲಾರದೇ?

ಬೆಂಗಳೂರು ಎಫ್‌ಸಿಯ ಬೆಂಬಲಿಗರ ಗುಂಪು ‘ವೆಸ್ಟ್ ಬ್ಲಾಕ್ ಬ್ಲೂಸ್’ ಹೆಸರು ಪಡೆದದ್ದು ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮ ಮೆಟ್ಟಿಲುಗಳಿಂದ. 2013ರಲ್ಲಿ ಕ್ಲಬ್ ಹುಟ್ಟಿದಾಗ ಅದಕ್ಕೆ ಇತಿಹಾಸವಿರಲಿಲ್ಲ, ತಾರೆಗಳೂ ಹೆಚ್ಚಿರಲಿಲ್ಲ. ವಾರ ವಾರ ಅದೇ ಮೆಟ್ಟಿಲಿಗೆ ಬಂದು ಕುಳಿತವರು ಇದ್ದರು. ಮೈಸೂರಿನ ಹುಡುಗ ಆರ್ಸೆನಲ್ ಅಂಗಿಯನ್ನು ಕಳಚಬೇಕಾಗಿಲ್ಲ. ಶನಿವಾರ ರಾತ್ರಿ ಲಂಡನ್ನಿನ ಆಟ ನೋಡಲಿ. ಭಾನುವಾರ ಸಂಜೆ ಅದೇ ಅಂಗಿಯಲ್ಲಿ ಗೆಳೆಯರೊಂದಿಗೆ ಹೋಗಿ ಕೂರಲು ಅವನ ಊರಿನಲ್ಲೊಂದು ಮೆಟ್ಟಿಲು ಇರಬೇಕು. ಅದನ್ನು ಒದಗಿಸುವುದು ಜಿಲ್ಲಾಡಳಿತ, ಕ್ರೀಡಾ ಇಲಾಖೆ ಮತ್ತು ಫುಟ್‌ಬಾಲ್ ಸಂಸ್ಥೆಗಳ ಕರ್ತವ್ಯ. ಒದಗಿಸಿದ ಮೇಲೆ ಹೋಗುವುದು ಅವನದು.